ದೀಪ ಆರದ ಗೋಡೌನು

ಚಿಕ್ಕಪ್ಪ ಹಸಿದ ಹೊಟ್ಟೆಯಲ್ಲಿ ಮೂಟೆ ಹೊರಲು ಹೋಗಿ ತಲೆಸುತ್ತಿ ಬಿದ್ದ ಎಂದು ಗುಂಡ್ಲುಪೇಟೆಯಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳುವವರು ಕೆಟ್ಟವರೇನಲ್ಲ, ಕನಿಕರದಿಂದಲೇ ಹೇಳುತ್ತಾರೆ. 'ಪಾಪ, ಕೂಲಿ ಜನ, ಒಂದು ಲೋಟ ಟೀ ಕುಡಿದು ಬಂದಿರ್ತಾರೆ' ಎನ್ನುತ್ತಾರೆ. ಜೊತೆಗೊಂದು ಸಾಕ್ಷಿಯನ್ನೂ ಕೊಡುತ್ತಾರೆ. ಗೋಡೌನಿನ ಒಳಗೆ ದೀಪ ಉರಿಯುತ್ತಲೇ ಇತ್ತು. ಗಾಳಿ ಕೆಟ್ಟಿದ್ದರೆ ದೀಪ ಆರಬೇಕಿತ್ತಲ್ಲ? ಆರಲಿಲ್ಲ. ಹಾಗಾಗಿ ಗಾಳಿ ಚೆನ್ನಾಗಿತ್ತು, ಹೊಟ್ಟೆ ಖಾಲಿಯಿತ್ತು.

ಮೊದಲು ಹೊಟ್ಟೆಯ ವಿಷಯ ತೀರಿಸಿಬಿಡುತ್ತೇನೆ. ಅವತ್ತು ಬೆಳಿಗ್ಗೆ ಚಿಕ್ಕಪ್ಪ ಉಂಡದ್ದು ನನ್ನೆದುರಿಗೆ. ಹಿಂದಿನ ದಿನದ ಹುರುಳಿ ಸಾರು, ಬಿಸಿ ಮುದ್ದೆ. ಎರಡನೆಯ ಮುದ್ದೆಗೆ ಸಾರು ಸಾಲದೆ ಅವ್ವನ ಕೈಲಿ ಬೈಸಿಕೊಂಡಿದ್ದ. ಗೋಡೌನಿನ ಮುಂದೆ ಅವನು ಕಾರಿಕೊಂಡದ್ದೂ ಅದನ್ನೇ. ಅವನ ತಲೆ ನನ್ನ ತೊಡೆಯ ಮೇಲಿತ್ತು, ಆದ್ದರಿಂದ ಇದನ್ನು ನಾನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ. ಹಸಿದ ಹೊಟ್ಟೆಯವನು ಹುರುಳಿ ಸಾರು ಹೇಗೆ ಕಾರುತ್ತಾನೆ? ಹೀಗೆ ಕೇಳಿದರೆ ಜನ ನಗುತ್ತಾರೆ. 'ಓದಿದ ಹುಡುಗಿ, ವಾದಕ್ಕೆ ನಿಂತಳು' ಎಂದು ಮಾತು ಬೇರೆ ಕಡೆಗೆ ತಿರುಗಿಸುತ್ತಾರೆ.

ವಾದಕ್ಕೆ ನಿಲ್ಲುತ್ತಿದ್ದುದೇನೋ ನಿಜ. ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾನು ಚಾಮರಾಜನಗರದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ, ಚರ್ಚಾಸ್ಪರ್ಧೆ ಎಲ್ಲಿದ್ದರೂ ಹೋಗುತ್ತಿದ್ದೆ. 'ವಿಜ್ಞಾನ ವರವೋ ಶಾಪವೋ' ಎಂಬ ವಿಷಯಕ್ಕೆ ಒಂದು ವರ್ಷ ವರ ಎಂದು ಮಾತಾಡಿ ಗೆದ್ದೆ, ಮರುವರ್ಷ ಶಾಪ ಎಂದು ಮಾತಾಡಿ ಗೆದ್ದೆ. ಎರಡು ಸಲವೂ ಸ್ಟೀಲ್ ತಟ್ಟೆಯನ್ನೇ ಕೊಟ್ಟರು. ಚಿಕ್ಕಪ್ಪ ಆ ತಟ್ಟೆಗಳನ್ನು ತಿರುಗಿಸಿ ನೋಡಿ ಅಪ್ಪನಿಗೆ ಹೇಳಿದ್ದ: "ಇವ್ಳನ್ನ ಮದ್ವೆ ಆಗೋನ್ಗೆ ಅಂತ ಒಂದು, ಇವ್ಳ ಮಾತು ತಡೀನಾರ್ದೆ ಅವ್ನು ಓಡೋದ ಮೇಲೆ ಬರೋ ಎಲ್ಡನೆಯೋನ್ಗೆ ಅಂತ ಒಂದು ಕೊಟ್ಟವ್ರೆ ಕಣಣ್ಣ."

ಇನ್ನು ದೀಪದ ವಿಷಯ. ಅದು ಹೊಟ್ಟೆಯ ವಿಷಯದಷ್ಟು ಸುಲಭವಲ್ಲ, ಯಾಕೆಂದರೆ ದೀಪವನ್ನು ನಂಬಿದವರು ದಡ್ಡರಾಗಿರಲಿಲ್ಲ.

ಹರವೆ ಕಡೆಯ ನಮ್ಮ ಊರಿನಲ್ಲಿ ಆಗಿನ್ನೂ ಕೆಲವು ಮನೆಗಳವರು ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಅಗಲ. ವರ್ಷಗಟ್ಟಲೆ ಮುಚ್ಚಿಟ್ಟರೆ ಒಳಗಿನ ಗಾಳಿ ಸತ್ತುಹೋಗುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನು ಮತ್ತೆ ಮೇಲೆ ಬರುವುದಿಲ್ಲ. ಸುತ್ತಲ ಊರುಗಳಲ್ಲಿ ಹಗೇವು ತೆಗೆಸಬೇಕಾದರೆ ಅಪ್ಪನಿಗೇ ಹೇಳಿಕಳಿಸುತ್ತಿದ್ದರು. ಅವನದೊಂದು ಕ್ರಮವಿತ್ತು. ಮುಚ್ಚಳ ತೆಗೆದು ಒಂದು ದಿನ ಹಾಗೇ ಬಿಡಬೇಕು. ಹೊಂಗೆಯ ಹಸಿ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೊಸರು ಕಡೆದ ಹಾಗೆ ಒಳಗೆ ಆಡಿಸಬೇಕು. ಆಮೇಲೆ ದೀಪ ಇಳಿಬಿಡಬೇಕು. ಆರಿದರೆ ಯಾರೂ ಇಳಿಯುವಂತಿಲ್ಲ. ಉರಿದರೆ ಒಬ್ಬನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು, ಹಗ್ಗದ ಇನ್ನೊಂದು ತುದಿ ಹಿಡಿದವನು ಬೇರೆ ಯಾವ ಕೆಲಸಕ್ಕೂ ಕೈ ಹಾಕಕೂಡದು, ಏನೇ ಆದರೂ ತಾನು ಇಳಿಯಕೂಡದು. ಇಳಿದವನು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ಎಳೆ, ಕಾರಣ ಆಮೇಲೆ ಕೇಳು.

ಇಳಿಯುತ್ತಿದ್ದವನು ಚಿಕ್ಕಪ್ಪ. ಅವನ ಬಾಯಿ ನಿಲ್ಲದೆ ಇರುವುದೇ ಅವನ ಅರ್ಹತೆ ಎಂದು ಅವ್ವ ಹೇಳುತ್ತಿದ್ದಳು. ನೆಲದ ಕೆಳಗಿನಿಂದ ಅವನು ಊರ ಗೌಡನಿಂದ ಹಿಡಿದು ನನ್ನ ಮೇಷ್ಟ್ರವರೆಗೆ ಎಲ್ಲರನ್ನೂ ಬೈಯುತ್ತಿದ್ದ, ಮೇಲೆ ನಿಂತವರು ನಗುತ್ತಿದ್ದರು. ಕಾಲೇಜಿನಲ್ಲಿ ಇಂಗಾಲದ ಡೈಆಕ್ಸೈಡ್ ಪಾಠ ಕೇಳಿ ಬಂದ ದಿನ ನಾನು ಅಪ್ಪನಿಗೆ ಆ ದೀಪ ಯಾಕೆ ಆರುತ್ತದೆಂದು ವಿವರಿಸಿದೆ. ಅಪ್ಪ ಬೀಡಿ ಹಚ್ಚಿಕೊಂಡು, "ನಿಮ್ ಮೇಷ್ಟ್ರು ಏಳಿದ್ದು ನಮ್ ದೀಪಕ್ಕೆ ಮೊದ್ಲೇ ಗೊತ್ತಿತ್ತು ಬುಡು" ಎಂದ.

ಹಗೇವುಗಳು ಒಂದೊಂದಾಗಿ ಮುಚ್ಚಿಹೋದ ಮೇಲೆ ಅಪ್ಪ, ಚಿಕ್ಕಪ್ಪ ಮತ್ತು ಊರಿನ ಇನ್ನೂ ಕೆಲವರು ಗುಂಡ್ಲುಪೇಟೆಯ ಒಂದು ಅರಿಶಿನದ ಗೋಡೌನಿನಲ್ಲಿ ಮೂಟೆ ಹೊರಲು ಹೋಗತೊಡಗಿದರು. ಅಪ್ಪ ಮೇಸ್ತ್ರಿ. ಮಾಲೀಕ ಮೈಸೂರಿನಲ್ಲಿದ್ದ, ಎಲ್ಲ ನೋಡಿಕೊಳ್ಳುತ್ತಿದ್ದವರು ಒಬ್ಬ ಗುಮಾಸ್ತರು. ಸದಾ ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೆಲುಮಾತು. ಅವರ ಮಗಳಿಗೆ ಶಾಲೆಯ ಭಾಷಣ ಬರೆದುಕೊಟ್ಟವಳು ನಾನೇ. ಅಪ್ಪ ಅವರನ್ನು ಧಣಿಗಳನ್ನು ಕರೆಯುವ ಹಾಗೆ 'ಬುದ್ಧೀ' ಎಂದು ಕರೆಯುತ್ತಿದ್ದ. ನನಗದು ಹಿಡಿಸುತ್ತಿರಲಿಲ್ಲ. ಆದರೆ ಅವರನ್ನು ಕಂಡರೆ ಆಗದು ಎನ್ನಲು ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ, ಅವತ್ತಿನವರೆಗೆ.

ಅದು ಭಾನುವಾರ. ಗಂಡಸರೆಲ್ಲ ಮೊದಲ ಬಸ್ಸಿಗೆ ಹೊರಟಿದ್ದರು. ನಾನು ಬುತ್ತಿ ತೆಗೆದುಕೊಂಡು ಮುಂದಿನ ಬಸ್ಸಿಗೆ ಹೋದೆ. ಗೋಡೌನಿನ ಮುಂದೆ ಕೇರಳದ ಲಾರಿ ನಿಂತಿತ್ತು. ಡ್ರೈವರ್ ಸುಮ್ಮಸುಮ್ಮನೆ ಹಾರನ್ ಒತ್ತುತ್ತಿದ್ದ. ದೊಡ್ಡ ಬಾಗಿಲು ತೆರೆದಿತ್ತು. ಬಾಗಿಲಿನ ಅಂಚುಗಳಲ್ಲಿ ಹರಿದ ಪೇಪರ್ ಪಟ್ಟಿಗಳು ನೇತಾಡುತ್ತಿದ್ದವು. ಸಂದುಗಳಿಗೆಲ್ಲ ಮೈದಾ ಅಂಟು ಹಾಕಿ ಪೇಪರ್ ಅಂಟಿಸಿದ್ದರು. ಇಲಿ ಬರದಿರಲಿ ಅಂತ ಇರಬೇಕು ಎಂದುಕೊಂಡೆ. ಆಮೇಲೆ ವಾಸನೆ ಬಂತು. ಅರಿಶಿನದ ವಾಸನೆ ನನಗೆ ಗೊತ್ತು, ಅದು ನಮ್ಮವರ ಬಟ್ಟೆಗಳಲ್ಲಿ, ಹಾಸಿಗೆಯಲ್ಲಿ ಇದ್ದೇ ಇತ್ತು. ಇದು ಬೇರೆ. ಬೆಳ್ಳುಳ್ಳಿ ಜಜ್ಜಿ ಅದರ ಮೇಲೆ ಕೊಳೆತ ಮೀನು ಸುರಿದ ಹಾಗಿತ್ತು.

ಅಪ್ಪ ಹೊಸ್ತಿಲ ಒಳಗೆ ಬಗ್ಗಿ ನೆಲದ ಮೇಲೆ ದೀಪ ಇಟ್ಟಿದ್ದ. ಚಿಕ್ಕಪ್ಪನ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಹಮಾಲಿಗಳು ಅದನ್ನು ನೋಡಿ ನಗುತ್ತಿದ್ದರು.

"ಏನಣ್ಣೋ, ನೆಲದ ಮೇಲಿರೋ ಗೋಡೌನ್ಗೂ ಹಗ್ಗನಾ? ತಮ್ಮುನ್ನ ತೆರಕಣಾಂಬಿ ದನದ ಸಂತೆಗೆ ಹೊಡ್ಕೊಂಡು ಓಯ್ತಿದ್ದೀಯಾ?"

"ಓಗ್ಲಾ," ಎಂದ ಚಿಕ್ಕಪ್ಪ. "ನನ್ನ ಕೊಂಡ್ಕೊಳೋ ಯೋಗ್ತೆ ಯಾವನ್ಗಿದ್ದೀತ್ಲಾ ಸಂತೇಲಿ?"

"ಮುಚ್ಚಿಟ್ಟ ಜಾಗ ಯಾವ್ದಾದ್ರೂ ಒಂದೇ ಕಣ್ಲಾ," ಎಂದ ಅಪ್ಪ, ಯಾರ ಮುಖವನ್ನೂ ನೋಡದೆ. "ನಗೋರು ನಗ್ಲಿ. ಕಟ್ಕೊ."

ನಾನು ಬುತ್ತಿ ಕೆಳಗಿಟ್ಟು ಕೇಳಿದೆ: "ಅಪ್ಪ, ಇದೇನು ವಾಸ್ನೆ?"

"ಅರ್ಸಿನ ಕಣಮ್ಮಿ. ಮುಗ್ಗಿರ್ಬೇಕು."

"ಅರಿಶಿನ ಮುಗ್ಗಿದ್ರೆ ಬೆಳ್ಳುಳ್ಳಿ ವಾಸ್ನೆ ಯಾಕೆ ಬರ್ತದೆ?"

"ದೀಪ ನೋಡು. ಎಂಗೆ ನೆಟ್ಟಗೆ ಉರೀತಾ ಅದೆ."

"ದೀಪಕ್ಕೆ ಬೇಕಾದ ಗಾಳಿ ಐತೆ ಅಂತ ಅಷ್ಟೇ ಕಣಪ್ಪ ಅದರ ಅರ್ಥ. ಆ ಗಾಳಿ ಜೊತೆ ಇನ್ನೇನು ಸೇರೈತೆ ಅಂತ ದೀಪ ಹೇಳಕಿಲ್ಲ."

ಹಮಾಲಿಗಳಲ್ಲೊಬ್ಬ, "ಬಂತು ನೋಡು ಕಾಲೇಜು," ಎಂದ. ಅಪ್ಪನಿಗೆ ಅವಮಾನವಾಯಿತೇನೋ, ನನ್ನ ಕಡೆಗೆ ತಿರುಗಲಿಲ್ಲ. ಆದರೆ ರಸ್ತೆಯ ಆಚೆ ಬದಿಗೆ ಕೂಗಿದ: "ಬುದ್ಧೀ, ಮಧ್ಯಾನ್ದ ಗಂಟ ಬಾಗ್ಲು ತಗ್ದೇ ಬುಡಾನ. ಒಸಿ ಗಾಳಿ ಆಡ್ಲಿ."

ಆಗಲೇ ನಾನು ಗುಮಾಸ್ತರನ್ನು ನೋಡಿದ್ದು. ಅವರು ರಸ್ತೆಯಾಚೆ ಟೀ ಅಂಗಡಿಯ ಬೆಂಚಿನ ಹತ್ತಿರ ನಿಂತಿದ್ದರು. ಅಲ್ಲಿಂದಲೇ ಹೇಳಿದರು: "ದೀಪ ಉರೀತಾ ಇದೆಯಲ್ಲ ಮೇಸ್ತ್ರಿ? ನಿಮ್ಮದೇ ಪದ್ಧತಿ. ಇನ್ನೇನು ಯೋಚನೆ? ಲಾರಿ ಕಾಯ್ತಾ ಇದೆ."

ಆ ಮಾತಿಗೆ ಕಟ್ಟುಬಿದ್ದು ಅಪ್ಪ ತಮ್ಮನನ್ನು ಒಳಗೆ ಕಳಿಸಿದ. ನಾನು ಎಷ್ಟೋ ಎದುರಾಳಿಗಳ ಮಾತನ್ನು ಅವರ ಬಾಯಿಂದಲೇ ಕಿತ್ತು ಅವರ ಮೇಲೆ ತಿರುಗಿಸಿದ್ದೇನೆ. ಚಪ್ಪಾಳೆ ಬೀಳುವುದು ಅಂಥ ಕಡೆಯಲ್ಲೇ. ಅವತ್ತು ಗುಮಾಸ್ತರು ಅದನ್ನೇ ಸಿಟ್ಟಿಲ್ಲದ ದನಿಯಲ್ಲಿ, ಟೀ ಲೋಟ ಹಿಡಿದು ಮಾಡಿದ್ದನ್ನು ಕಂಡೆ. ದೀಪ ಇಳಿಬಿಡುವ ಮೊದಲು ಒಂದು ದಿನ ಬಿಡಬೇಕೆನ್ನುವ ಅಪ್ಪನ ಪದ್ಧತಿಯ ಇನ್ನರ್ಧ ಟೀ ಅಂಗಡಿಯಲ್ಲೇ ಉಳಿಯಿತು.

ಚಿಕ್ಕಪ್ಪನೂ ಇನ್ನಿಬ್ಬರೂ ಒಳಗೆ ಹೋದರು. ಮೂಟೆಗಳ ಅಟ್ಟಿಯ ಮೇಲೆ ದಪ್ಪ ಟಾರ್ಪಾಲು ಹೊದಿಸಿ, ಅಂಚಿಗೆ ಸುತ್ತಲೂ ಮರಳಿನ ಚೀಲ ಹೇರಿದ್ದರು. ಅವನ್ನು ಸರಿಸಿ ಟಾರ್ಪಾಲು ಎಳೆದಾಗ ಆ ವಾಸನೆ ಬಾಗಿಲಲ್ಲಿದ್ದ ನಮ್ಮ ಮುಖಕ್ಕೇ ಹೊಡೆಯಿತು. ಒಬ್ಬ ಕೆಮ್ಮುತ್ತಾ ಹೊರಗೆ ಬಂದ. ಇನ್ನೊಬ್ಬ ತಲೆ ಹಿಡಿದುಕೊಂಡು ಬಂದು ಗೋಡೆಗೆ ಒರಗಿ ಕೂತ. ಚಿಕ್ಕಪ್ಪ ಟಾರ್ಪಾಲಿನ ಹಿಂದಿನ ತುದಿ ಬಿಡಿಸಲು ಅಟ್ಟಿಯ ಹಿಂದಕ್ಕೆ ಹೋಗಿದ್ದ.

"ಏನ್ಲಾ ಮಾಡ್ತಿದ್ದೀಯ?" ಅಪ್ಪ ಹಗ್ಗ ಹಿಡಿದು ಕೂಗಿದ.

"ಸಾವ್ಕಾರ್ನ ಮಗ್ಳು ಇಲ್ಲೇ ಅಡ್ಗ್ಕೊಂಡವ್ಳಾ ಅಂತ ನೋಡ್ತೀವ್ನಿ!"

ಹೊರಗಿದ್ದವರು ನಕ್ಕರು.

"ಬಿರ್ನೆ ಬಾ."

"ಬಂದೆ ತಡಿ. ಎದೆ ಯಾಕೋ ಬಿಗೀತದೆ ಕಣಣ್ಣೋ."

"ಬುಟ್ಬುಟ್ಟು ಬಾರ್ಲಾ!"

ಉತ್ತರವಿಲ್ಲ. ಅಪ್ಪ ಇನ್ನೊಮ್ಮೆ ಕೂಗಿದ. ಲಾರಿಯವನು ಹಾರನ್ ಒತ್ತಿದ. ಹೊಸ್ತಿಲ ಒಳಗೆ ದೀಪ ಅಲುಗದೆ ಉರಿಯುತ್ತಿತ್ತು.

ಅಪ್ಪ ಹಗ್ಗ ಎಳೆದ. ಬರಲಿಲ್ಲ. ಮೂಟೆಯ ಮೂಲೆಗೆ ಎಲ್ಲೋ ಸಿಕ್ಕಿಕೊಂಡಿತ್ತು. ಮತ್ತೆ ಎಳೆದ. ಆಮೇಲೆ ಹಗ್ಗ ಬಿಟ್ಟು, ತಲೆಯ ಟವೆಲನ್ನು ಬಿಚ್ಚಿ ಮೂಗಿಗೆ ಸುತ್ತಿಕೊಂಡು ಒಳಗೆ ನುಗ್ಗಲು ಹೊರಟ. ನಾನು ಅವನ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡೆ. ಗುಂಡಿಗಳು ಕಿತ್ತುಬಂದವು.

"ಬುಡಮ್ಮಿ! ನನ್ ತಮ್ಮ ಅವ್ನೆ ಒಳ್ಗೆ!"

"ಹಗ್ಗ ಹಿಡಿದೋನು ಇಳೀಬಾರ್ದು ಅಂತ ಹೇಳ್ಕೊಟ್ಟೋನು ಯಾರಪ್ಪ? ನೀನೂ ಬಿದ್ರೆ ಇಬ್ಬರನ್ನ ಎಳೆಯೋರು ಯಾರು?"

ನಾನು ಹೇಳಿದ್ದು ಅಷ್ಟೇ. ಅದು ನನ್ನ ವಾದವಾಗಿರಲಿಲ್ಲ, ಅವನದೇ ಮಾತು. ಅವನು ನಿಂತ. ನನ್ನನ್ನು ನೋಡಿದ ಆ ನೋಟವನ್ನು ನಾನಿನ್ನೂ ಮರೆತಿಲ್ಲ. ನಿಲ್ಲಿಸಿದ್ದಕ್ಕೆ ಕೊಂದುಬಿಡುವವನ ಹಾಗೆ ನೋಡಿದ. ಆಮೇಲೆ ಹಗ್ಗವನ್ನು ಎತ್ತಿಕೊಂಡು ಬಾಗಿಲಿನ ಇನ್ನೊಂದು ಪಕ್ಕಕ್ಕೆ ಓಡಿದ. ಓರೆಯಾಗಿ ಎಳೆದರೆ ಬಿಡಬಹುದೆಂದು ಅವನಿಗೆ ಗೊತ್ತಾಗಿತ್ತು. ಮೊದಲು ನಕ್ಕವರೆಲ್ಲ ಈಗ ಬಂದು ಹಗ್ಗಕ್ಕೆ ಕೈಹಾಕಿದರು. ಲಾರಿಯ ಡ್ರೈವರ್ ಕೂಡ ಇಳಿದು ಬಂದು ಕೊನೆಯಲ್ಲಿ ನಿಂತು ಎಳೆದ. ಯಾರೋ ಹಿಂದುಗಡೆಗೆ ಓಡಿ ಹೊರಗಿನಿಂದ ಬಿದಿರ ಗಳು ಹಾಕಿ ಕಿಟಕಿಗಳನ್ನು ಒಡೆದರು. ಹಗ್ಗ ಒಮ್ಮೆಲೇ ಸಡಿಲಾಯಿತು, ಚಿಕ್ಕಪ್ಪ ಸಿಮೆಂಟು ನೆಲದ ಮೇಲೆ ಮೂಟೆಯ ಹಾಗೆ ಜಾರುತ್ತಾ ಬಂದ. ದೀಪ ಅವನ ಕಾಲಿಗೆ ತಗುಲಿ ಉರುಳಿತು.

ಉಸಿರಿತ್ತು. ತುಟಿಯ ಬಣ್ಣ ಸರಿಯಿರಲಿಲ್ಲ. ಬೀದಿಗೆ ಎಳೆದುಕೊಂಡು ಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅವನು ಕಾರಿಕೊಂಡ. ಗುಮಾಸ್ತರು ರಸ್ತೆಯ ಅರ್ಧಕ್ಕೆ ಬಂದು ನಿಂತು, ಗುಂಪಿಗೆಲ್ಲ ಕೇಳುವ ಹಾಗೆ ಹೇಳಿದರು: "ಹಸಿದ ಹೊಟ್ಟೇಲಿ ಬಂದಿರ್ಬೇಕು. ಸ್ವಲ್ಪ ಸೋಡಾ ಕುಡಿಸಿ, ಸರಿಹೋಗ್ತಾನೆ."

ಗುಂಡ್ಲುಪೇಟೆ ಈಗಲೂ ಹೇಳುವ ಕಥೆ ಹುಟ್ಟಿದ್ದು ಅಲ್ಲಿ, ಆ ಮಾತಿನಲ್ಲಿ. ಚಿಕ್ಕಪ್ಪನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ, ಕಥೆ ಆಗಲೇ ಎದ್ದು ಓಡಾಡುತ್ತಿತ್ತು.

ಲಾರಿಯಲ್ಲೇ ಆಸ್ಪತ್ರೆಗೆ ಕರೆದೊಯ್ದೆವು. ಗುಮಾಸ್ತರೂ ಬಂದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಡಾಕ್ಟರು ಚಿಕ್ಕಪ್ಪನ ಬಾಯಿಯ ಹತ್ತಿರ ಬಗ್ಗಿ ಮೂಸಿದರು. ಅವನ ಪಂಚೆಗೆ ಮೆತ್ತಿದ್ದ ಬೂದು ಬಣ್ಣದ ಪುಡಿಯನ್ನು ನೋಡಿದರು. ಬೂದಿಯಂಥ ಪುಡಿ, ಅರಿಶಿನದ ಗೋಡೌನಿನಲ್ಲಿ ಅದು ಎಲ್ಲಿಂದ ಬರಬೇಕು? ಅವರು ನಮ್ಮನ್ನು ಕೇಳಲಿಲ್ಲ. ಬಿಳಿ ಶರ್ಟಿನವರನ್ನೇ ನೇರವಾಗಿ ಕೇಳಿದರು: "ಮಾತ್ರೆ ಇಟ್ಟಿದ್ರಾ?"

ಗುಮಾಸ್ತರು ಅಪ್ಪನ ಕಡೆ ನೋಡಿದರು, ನೆಲದ ಕಡೆ ನೋಡಿದರು. "ಹುಳ ಬಿದ್ದಿತ್ತು ಸಾರ್. ಸ್ವಲ್ಪ ಇಟ್ಟಿದ್ವಿ."

"ಯಾವ ಮಾತ್ರೆ ಬುದ್ಧೀ?" ಎಂದ ಅಪ್ಪ.

ಡಾಕ್ಟರೇ ಹೇಳಿದರು. ಮೂಟೆಗಳ ನಡುವೆ ಇಟ್ಟು ಮುಚ್ಚಿದರೆ ಆ ಮಾತ್ರೆ ಬೂದಿಯಂತೆ ಪುಡಿಯಾಗುತ್ತಾ ವಿಷದ ಗ್ಯಾಸು ಬಿಡುತ್ತದೆ, ಹುಳವನ್ನು ಕೊಲ್ಲುವುದು ಅದೇ, ಮನುಷ್ಯನನ್ನೂ. ಬಾಗಿಲು ಕಿಟಕಿ ತೆಗೆದು ಚೆನ್ನಾಗಿ ಗಾಳಿಯಾಡಿಸಿ, ಗ್ಯಾಸು ಹೋಗಿದೆಯೆಂದು ತಿಳಿದವರು ನೋಡಿ ಹೇಳುವ ತನಕ ಯಾರೂ ಒಳಗೆ ಕಾಲಿಡಬಾರದು. ಇದಕ್ಕೆ ಇಂಥದೇ ಎನ್ನುವ ಮದ್ದಿಲ್ಲ, ದೇಹ ತಡೆದುಕೊಳ್ಳಬೇಕು, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು.

"ದೀಪ ಆರ್ಲಿಲ್ವಲ್ಲ ಸ್ವಾಮಿ," ಎಂದ ಅಪ್ಪ. ಕೇಳಿಕೊಳ್ಳುವವನ ಹಾಗಿತ್ತು ಧ್ವನಿ.

"ಇದು ದೀಪ ಆರಿಸೋ ಗಾಳಿ ಅಲ್ಲಪ್ಪ. ಸಾಯೋಷ್ಟು ವಿಷ ಇದ್ರೂ ದೀಪ ಉರೀತಾ ಇರುತ್ತೆ."

ಮೈಸೂರಿನ ದಾರಿಯುದ್ದಕ್ಕೂ ಅಪ್ಪ ತಮ್ಮನ ಎದೆಯ ಮೇಲೆ ಅಂಗೈಯಿಟ್ಟುಕೊಂಡು ಕೂತಿದ್ದ. ಎದೆ ಏರಿ ಇಳಿಯುವುದು ನಿಧಾನವಾದಾಗಲೆಲ್ಲ, "ಬಯ್ಲಾ, ಯಾರ್ನಾದ್ರೂ ಬಯ್ಲಾ" ಎನ್ನುತ್ತಿದ್ದ.

ಚಿಕ್ಕಪ್ಪ ಬದುಕಿದ. ಬದುಕಿದ ಎಂಬುದನ್ನೂ ಕಥೆಯವರು ತಮ್ಮ ಸಾಕ್ಷಿಗೆ ಸೇರಿಸಿಕೊಂಡರು: ವಿಷವಾಗಿದ್ದರೆ ಉಳಿಯುತ್ತಿದ್ದನೇ? ಅವರಾರೂ ಅವನನ್ನು ಮನೆಗೆ ಬಂದು ನೋಡಲಿಲ್ಲ. ಹಿತ್ತಿಲಿಗೆ ಹೋಗಿಬರುವುದರೊಳಗೆ ಅವನು ಗೋಡೆ ಹಿಡಿದು ನಿಲ್ಲಬೇಕಿತ್ತು. ಒಂದು ಬೈಗುಳವನ್ನು ಮುಗಿಸಲು ನಡುವೆ ಉಸಿರು ತೆಗೆದುಕೊಳ್ಳಬೇಕಿತ್ತು, ಅಷ್ಟರಲ್ಲಿ ಬೈಸಿಕೊಳ್ಳುವವರು ಎದ್ದು ಹೋಗಿರುತ್ತಿದ್ದರು. ಅದಕ್ಕೂ ಅವನೇ ನಗುತ್ತಿದ್ದ.

ನನ್ನ ಸಿಟ್ಟು ಊರಿನ ಮೇಲಿದ್ದುದಕ್ಕಿಂತ ಅಪ್ಪನ ಮೇಲೆ ಹೆಚ್ಚಾಯಿತು. ಊರು ಹೊಟ್ಟೆಯನ್ನು ದೂರಿತು, ಅಪ್ಪ ತನ್ನನ್ನೇ ದೂರಿಕೊಂಡ. "ದೀಪ ನಂಬುದ್ದು ನನ್ ತಪ್ಪು ಕಣಮ್ಮಿ" ಎನ್ನುತ್ತಿದ್ದ. ನಾನು ಬಿಡುತ್ತಿರಲಿಲ್ಲ. ನಿನಗೆ ಮಾತ್ರೆಯ ವಿಷಯ ಗೊತ್ತಿತ್ತಾ? ಇಲ್ಲ. ಗೊತ್ತಿದ್ದರೆ ದೀಪ ಹಚ್ಚುತ್ತಿದ್ದೆಯಾ? ಇಲ್ಲ. ಹಾಗಾದರೆ ತಪ್ಪು ಗೊತ್ತಿಲ್ಲದವನದೋ, ಗೊತ್ತಿದ್ದು ಟೀ ಕುಡಿದವನದೋ? ಅಪ್ಪ ಎದ್ದು ದನ ಕಟ್ಟಲು ಹೋಗುತ್ತಿದ್ದ. ಆದರೆ ಗುಮಾಸ್ತರಿಗೆ ಅಪಾಯ ಎಷ್ಟೆಂದು ನಿಜಕ್ಕೂ ಗೊತ್ತಿತ್ತೇ ಎಂದು ನನ್ನೊಳಗಿನ ಎದುರಾಳಿ ಕೇಳುತ್ತಿದ್ದಳು. ಹುಳದ ಮಾತ್ರೆ, ಅಷ್ಟೇ ಅಂದುಕೊಂಡಿರಬಹುದಲ್ಲ? ಆ ಸುತ್ತನ್ನು ಅವಳೇ ಗೆದ್ದಳು, ಒಪ್ಪಿಕೊಳ್ಳಬೇಕು.

ಹೀಗಿರುವಾಗ ಒಂದು ದಿನ ಸಂಜೆಗೆ ಮೊದಲೇ ಗುಮಾಸ್ತರು ನಮ್ಮ ಮನೆಗೆ ಬಂದರು. ಕಿತ್ತಳೆ ಹಣ್ಣು, ಹಾರ್ಲಿಕ್ಸ್ ಬಾಟಲಿ ತಂದಿದ್ದರು. ಅಪ್ಪ ಜಗಲಿಯ ಮೇಲೆ ಚಾಪೆ ಹಾಸಿದ. ಅವ್ವ ಕಾಫಿ ಕೊಟ್ಟಳು. ಗುಮಾಸ್ತರು ಬಂದದ್ದು ತಿಳಿದು ಜೊತೆ ಕೆಲಸ ಮಾಡುವ ಮೂವರು ಬಂದು ಕೆಳಗೆ ಕೂತರು. ಆ ಭಾನುವಾರದಿಂದ ಯಾರಿಗೂ ಕೆಲಸವಿರಲಿಲ್ಲ.

ಚಿಕ್ಕಪ್ಪ ಒಳಗಿನ ಕೋಣೆಯಲ್ಲಿ ಮಲಗಿದ್ದ. ಗುಮಾಸ್ತರು ಬಾಗಿಲಿನಿಂದಲೇ ಅವನನ್ನು ಮಾತಾಡಿಸಿ ಬಂದು ಕೂತು, "ಗೋಡೌನಿನ ಹಿಂದಿನ ಕೋಣೆ ಹಾಗೇ ಇದೆ ಮೇಸ್ತ್ರಿ. ಸೋಮವಾರ ತೆಗೀಬೇಕು. ನಿಮ್ಮ ಜನ ಅಲ್ಲದೆ ಇನ್ಯಾರನ್ನ ಕರೀಲಿ?" ಎಂದರು.

ಕೆಳಗೆ ಕೂತವರು ಅಪ್ಪನ ಮುಖ ನೋಡಿದರು. ಅಪ್ಪ ಹೂಂ ಅಂದರೆ ಅವರೂ ಹೂಂ. ಅಪ್ಪನ ಬಾಯಿ ತೆರೆದದ್ದನ್ನು ಕಂಡು ನಾನು ಮಧ್ಯೆ ಬಂದೆ.

"ಅಲ್ಲೂ ಮಾತ್ರೆ ಇಟ್ಟಿದ್ದೀರಾ ಸಾರ್?"

"ಇಟ್ಟಿದ್ದೀವಮ್ಮ. ಈ ಸಲ ಬಾಗಿಲು ಮೊದಲೇ ತೆಗೆಸಿಟ್ಟಿರ್ತೀನಿ."

"ಎಷ್ಟು ಮೊದಲು? ಗ್ಯಾಸು ಹೋಯ್ತು ಅಂತ ನೋಡಿ ಹೇಳೋರು ಯಾರು? ಮೂಗಿಗೆ ಹಾಕೋ ಮಾಸ್ಕು ಕೊಡ್ತೀರಾ?"

"ಬುಡಮ್ಮಿ," ಎಂದ ಅಪ್ಪ ಮೆಲ್ಲಗೆ.

ಗುಮಾಸ್ತರು ನಕ್ಕರು. ಸಿಟ್ಟಿನ ನಗೆಯಲ್ಲ. "ನೀನು ಲಾಯರ್ ಆಗ್ಬೇಕಮ್ಮ. ಅಷ್ಟೆಲ್ಲ ಹೆದರಿಸಬೇಡ ಇವರನ್ನ. ನಾನೂ ದಿನಾ ಅದೇ ಗೋಡೌನಿನಲ್ಲಿ ಓಡಾಡೋನಲ್ವಾ? ನನಗೇನಾಯ್ತು? ನನಗೂ ಗೊತ್ತಿರಲಿಲ್ಲ ಇದು ಇಷ್ಟು ಜೋರು ಅಂತ."

ನನ್ನೊಳಗಿನ ಎದುರಾಳಿ ತಲೆಯಾಡಿಸಿದಳು. ಇರಬಹುದು ಎಂದಳು. ಕೆಳಗೆ ಕೂತವರಲ್ಲೊಬ್ಬ, "ಅದೂ ದಿಟವೇ ಕಣಣ್ಣ" ಎಂದ.

ಆಗ ಒಳಗಿನಿಂದ ಚಿಕ್ಕಪ್ಪ ಮಾತಾಡಿದ. ದೂರುವ ದನಿಯಲ್ಲ, ಗುಮಾಸ್ತರ ಪರವಾಗಿಯೇ ಏನೋ ಹೇಳಲು ಹೊರಟಿದ್ದ. ನಡುನಡುವೆ ನಿಲ್ಲಿಸಿ, ಉಸಿರು ಎಳೆದುಕೊಂಡು ಹೇಳಿದ: "ಬುದ್ಧಿಯೋರ್ನ... ಏನೂ ಅನ್ಬ್ಯಾಡ ಕಣಮ್ಮಿ. ಅವತ್ತು... ಬೀಗ ತಗೆಯೋದ್ನೂ ನಂಗೇ ಕೊಟ್ರು. ಇಷ್ಟು ವರ್ಸದಲ್ಲಿ... ಬೀಗದ್ ಕೈನ ಯಾರ್ಗೂ ಮುಟ್ಟುಸ್ದೋರಲ್ಲ. 'ಇವತ್ತು ನೀನೇ ತಗಿಯಪ್ಪ' ಅಂದ್ಬುಟ್ಟು... ಕೈಗೆ ಕೊಟ್ಟು ರಸ್ತೆ ದಾಟುದ್ರು. ನಂಗೆ... ಎಂಥಾ ಖುಸಿ ಆಗಿತ್ತು ಗೊತ್ತಾ."

ಅಪ್ಪ ನಿಧಾನವಾಗಿ ಕಾಫಿ ಲೋಟವನ್ನು ಕೆಳಗಿಟ್ಟ. ಗುಮಾಸ್ತರು ಚಪ್ಪಲಿಗಾಗಿ ಕಾಲಿನಿಂದ ತಡಕಾಡುತ್ತಾ ಏಳಲು ನೋಡಿದರು. ನಾನು ಮೆಟ್ಟಿಲಿಗೆ ಅಡ್ಡವಾಗಿ ನಿಂತೆ.

"ಸಾರ್, ದಿನಾ ನೀವೇ ತೆಗೀತಿದ್ದ ಬೀಗಾನ ಅವತ್ತು ನಮ್ ಚಿಕ್ಕಪ್ಪನ ಕೈಲಿ ಯಾಕೆ ತೆಗೆಸಿದ್ರಿ?"